ಕಡಲ ಕಲ್ಲಿಗೆ ಹತ್ತಿದ ಬೂದಿ

ಪುಕ್ಕಲುತನ ನನಗೆ ಹುಟ್ಟಿನಿಂದಲೇ ಬಂದದ್ದು. ಬಸ್ಸಿನಲ್ಲಿ ಕೂತರೆ ಟಿಕೆಟ್ ಎಲ್ಲಿ ಬಿದ್ದುಹೋಯಿತೋ ಎಂದು ಮೂರು ಸಲ ಪರ್ಸು ತೆಗೆದು ನೋಡುತ್ತೇನೆ. ಮನೆಗೆ ಬೀಗ ಹಾಕಿ ಓಣಿಯ ತುದಿವರೆಗೆ ಹೋದವಳು ತಿರುಗಿ ಬಂದು ಬೀಗ ಎಳೆದು ನೋಡುತ್ತೇನೆ. ಈಜು ಬರುವುದಿಲ್ಲ. ಕಾರಂಜಾ ಡ್ಯಾಮಿನ ಕಟ್ಟೆಯ ಮೇಲೆ ನಿಂತರೂ ತಲೆ ತಿರುಗುತ್ತದೆ. ಇಂಥವಳು ಸಮುದ್ರದ ತಳದ ಬಂಡೆಗಳ ಮೇಲೆ ಪಿಎಚ್‌ಡಿ ಮಾಡಲು ಹೊರಟದ್ದನ್ನು ನೆನೆದು ನನ್ನ ಗಂಡ ಇವತ್ತಿಗೂ ನಗುತ್ತಾರೆ.

ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳುತ್ತೇನೆ. ನನ್ನ ಗೈಡ್ ಕರಾವಳಿಯ ಕಡೆಯವರು, ನಿವೃತ್ತಿಗೆ ಹತ್ತಿರವಾದವರು. ಮೊದಲ ಸಲ ಭೇಟಿಯಾದಾಗ, "ಬೀದರ್ ಕಡೆಯವರಾ? ನಿಮ್ಮ ಕಾಲ ಕೆಳಗೂ ಕರಿಕಲ್ಲು, ಸಮುದ್ರದ ಕೆಳಗೂ ಕರಿಕಲ್ಲು. ಇನ್ನೇನು ಬೇಕು, ಶುರು ಮಾಡಿ," ಎಂದು ಬೆನ್ನು ತಟ್ಟಿದಂತೆ ಮಾತಾಡಿದರು. ಆ ಮಾತಿಗೆ ನಾನು ಮರುಳಾದೆ.

ಕೆಲಸ ಏನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ. ನಡುಸಮುದ್ರದ ಆಳದಲ್ಲಿ ನೆಲ ಬಿರಿದು ಹೊಸ ಬಂಡೆ ಹುಟ್ಟುತ್ತಲೇ ಇರುತ್ತದೆ. ಬಿರುಕುಗಳಲ್ಲಿ ಸಮುದ್ರದ ನೀರು ಇಳಿದು ಕೆಳಗಿನ ಶಾಖಕ್ಕೆ ಕಾಯುತ್ತದೆ. ಮೇಲಿನ ನೀರಿನ ಭಾರದಿಂದ ಅದಕ್ಕೆ ಕುದಿಯಲೂ ಆಗದೆ, ಇನ್ನಷ್ಟು ಕಾದು, ಬಂಡೆಯೊಳಗಿನ ತಾಮ್ರ, ಸತು, ಕಬ್ಬಿಣ ಕಿತ್ತುಕೊಂಡು ಕರಿ ಹೊಗೆಯ ಹಾಗೆ ಮೇಲೆ ಉಕ್ಕುತ್ತದೆ. ಈ ಕೊಡುಕೊಳ್ಳುವಿಕೆಗೆ ಪೊಟ್ಯಾಶಿಯಂ ಒಳ್ಳೆಯ ಸಾಕ್ಷಿ. ನೀರು ವಿಪರೀತ ಕಾದಿದ್ದರೆ ಬಂಡೆಯಲ್ಲಿದ್ದ ಚೂರುಪಾರು ಪೊಟ್ಯಾಶಿಯಂ ಕೂಡ ತೊಳೆದುಹೋಗುತ್ತದೆ. ನೀರು ತಣ್ಣಗಿದ್ದರೆ ಉಲ್ಟಾ, ಬಂಡೆಯೇ ನೀರಿನಿಂದ ಪೊಟ್ಯಾಶಿಯಂ ಹೀರಿಕೊಳ್ಳುತ್ತದೆ. ಆದ್ದರಿಂದ ಯಾರೂ ನೋಡಲಾಗದ ಜಾಗದಲ್ಲಿ ಹಿಂದೆಂದೋ ನಡೆದದ್ದನ್ನು ಒಂದು ಚೂರು ಕಲ್ಲು ಅರೆದು ಹೇಳಬಹುದು. ಕಲ್ಲು ಮಾತ್ರ ಶುದ್ಧವಾಗಿರಬೇಕು.

ನನ್ನ ಪಾಲಿಗೆ ಬಂದದ್ದು ಹನ್ನೊಂದು ಚೂರು. ಬಹಳ ಹಿಂದೆಯೇ ಆರಿಹೋದ ಒಂದು ಬಿಸಿನೀರ ಬುಗ್ಗೆಯ ಸುತ್ತಿನಿಂದ ಹಡಗಿನವರು ಮೇಲೆತ್ತಿದ ಬಂಡೆಗಳಿಂದ ಕತ್ತರಿಸಿದವು. ಒಂದೊಂದೂ ಬೆಲ್ಲದ ಸಣ್ಣ ತುಣುಕಿನಷ್ಟು. ಕೊಡುವಾಗ ಗೈಡ್, "ಇದು ಹೋದರೆ ಮತ್ತೆ ಸಿಗೋದಿಲ್ಲಮ್ಮ. ಇನ್ನೊಂದು ಹಡಗು ಯಾವಾಗ ಹೊರಡುತ್ತೋ, ನಮಗೆ ಅದರಲ್ಲಿ ಪಾಲು ಸಿಗುತ್ತೋ ಇಲ್ವೋ," ಎಂದರು. ಯಂತ್ರದಲ್ಲಿ ಪುಡಿ ಮಾಡಿದರೆ ಯಂತ್ರದ ಲೋಹ ಪುಡಿಗೆ ಸೇರುತ್ತದೆ. ಅದಕ್ಕೇ ಅಗೇಟ್ ಕಲ್ಲಿನ ಒಂದು ಹಳೆಯ ಖಲಬತ್ತು, ಅಂದರೆ ಅರೆಯುವ ಬಟ್ಟಲು ಮತ್ತು ಗುಂಡು, ಕೊಟ್ಟು, ಬೇಸಿಗೆ ರಜೆಯಲ್ಲಿ ಕೈಯಲ್ಲೇ ಅರೆಯಲು ಹೇಳಿದರು.

ಭಾಲ್ಕಿಯ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಕಟ್ಟಡ ಏಳುತ್ತಿತ್ತು. ಬೆಳಗಾದರೆ ಸಿಮೆಂಟಿನ ಧೂಳು. ಹೀಗಾಗಿ ನಾನು ಕಲ್ಲುಗಳನ್ನೂ ಖಲಬತ್ತನ್ನೂ ಭಟ್ಟಿ ಇಳಿಸಿದ ನೀರಿನ ಎರಡು ಕ್ಯಾನುಗಳನ್ನೂ ಹೊತ್ತುಕೊಂಡು ಠಾಣಾ ಕುಶನೂರಿನ ಅತ್ತೆಯ ಮನೆಗೆ ಹೊರಟೆ. ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅವಚಿ ಹಿಡಿದದ್ದು ನೋಡಿ ಕಂಡಕ್ಟರ್, "ಮೇಡಂ, ಡಬ್ಬಿದಾಗ ಬಂಗಾರ ಅದೇನ್ರಿ?" ಎಂದು ಕೇಳಿದ.

"ಕಲ್ಲು," ಅಂದೆ.

"ಹೌದೇನ್ರಿ? ಕುಶನೂರಾಗ ಕಲ್ಲಿಗಿ ಬರಗಾಲ ಬಂದಿದ್ದು ನನಗ ಗೊತ್ತೇ ಇಲ್ಲ ನೋಡ್ರಿ."

ಇಡೀ ಬಸ್ಸು ನಕ್ಕಿತು. ನನಗೆ ನಗು ಬರಲಿಲ್ಲ. ಡಬ್ಬಿಯ ಮುಚ್ಚಳ ಸಡಿಲಾಗಿದೆಯೇನೋ ಎಂಬ ಹೆದರಿಕೆಯಲ್ಲೇ ಊರು ಮುಟ್ಟಿದೆ.

ನನ್ನ ಅತ್ತೆ ಶರಣರ ದಾರಿ ಹಿಡಿದವರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಲ್ಲದೆ ಅವರನ್ನು ನಾನು ನೋಡಿಲ್ಲ. ಕೈ ಸುಮ್ಮನಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲ. ಅಡುಗೆ ಗ್ಯಾಸಿನ ಮೇಲಾದರೂ ಸ್ನಾನದ ನೀರು ಕಾಯುವುದು ಇವತ್ತಿಗೂ ಹಿತ್ತಲ ಒಲೆಯಲ್ಲಿ, ಹೊಲದಿಂದ ತಂದ ತೊಗರಿ ಕಟ್ಟಿಗೆಯಲ್ಲಿ. ನಾನು ಪಡಸಾಲೆಯ ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿ ಕೂತ ಮೊದಲ ದಿನವೇ ಮನೆಮಂದಿಗೆಲ್ಲ ಕಟ್ಟಪ್ಪಣೆ ಮಾಡಿದೆ: ಈ ಬಟ್ಟಲಿಗೆ ನಮ್ಮ ಬೋರಿನ ನೀರು ತಾಕಕೂಡದು. ನಮ್ಮ ನೀರು ಗಡಸು, ಕೊಡದ ಒಳಗೆ ಬಿಳಿ ಪೊರೆ ಕಟ್ಟುವಂಥದ್ದು. ಒಂದು ಹನಿ ಬಿದ್ದರೂ ನನ್ನ ಕೆಲಸ ಹಾಳು ಎಂದು ನಾನು ಹೇಳಿದ ರೀತಿಗೆ ಅತ್ತೆ ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ಶುಕ್ರವಾರ ಕೈ ಪಳಗಲೆಂದು ಹೊಲದ ಕಲ್ಲೊಂದನ್ನು ಅರೆದೆ. ಶನಿವಾರದಿಂದ ದಿನಕ್ಕೊಂದು ಕಡಲ ಕಲ್ಲು. ಮಧ್ಯಾಹ್ನದವರೆಗೆ ಅರೆದು, ಪುಡಿಯನ್ನು ಸೀಸೆಗೆ ತುಂಬಿ, ಸಂಖ್ಯೆ, ವಾರ, ತಾರೀಖನ್ನು ಅದರ ಮೇಲೂ ನೋಟ್‌ಬುಕ್ಕಿನಲ್ಲೂ ಬರೆದು, ಬಟ್ಟಲನ್ನು ಕ್ಯಾನಿನ ನೀರಿನಲ್ಲಿ ತೊಳೆದು ಒಣಗಲು ಬೋರಲು ಹಾಕುತ್ತಿದ್ದೆ. ಮರುದಿನ ಬೆಳಿಗ್ಗೆ ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಮತ್ತೆ ಶುರು. ಬೆಳಿಗ್ಗೆಯೂ ಒಂದು ಸಲ ತೊಳೆಯಬೇಕಿತ್ತು. ಕ್ಯಾನಿನ ನೀರು ಸಾಲದೆ ಹೋದೀತೆಂಬ ಭಯಕ್ಕೆ ತೊಳೆಯಲಿಲ್ಲ. ಬಟ್ಟಲಿನ ತಳ ಒಮ್ಮೊಮ್ಮೆ ಮಬ್ಬಾಗಿ ಕಂಡದ್ದು ನೆನಪಿದೆ. ಬೇಸಿಗೆಯ ಧೂಳು ಅಂದುಕೊಂಡೆ. ಹನ್ನೆರಡನೆಯ ದಿನ, ಬುಧವಾರ, ಗೈಡ್ ಹೇಳಿದ್ದಂತೆ ಶುದ್ಧ ಬಿಳಿ ಸ್ಫಟಿಕದ ಮರಳನ್ನೂ ಅದೇ ಬಟ್ಟಲಿನಲ್ಲಿ ಅರೆದು ಸೀಸೆ ತುಂಬಿದೆ. ಬಟ್ಟಲಿನಿಂದ ಏನಾದರೂ ಪುಡಿಗೆ ಸೇರುತ್ತಿದೆಯೇ ಎಂದು ತಿಳಿಯಲು ಅದು. ಬಟ್ಟಲು ಚೊಕ್ಕಟವಿದ್ದರೆ ಆ ಮರಳಿನಲ್ಲಿ ಏನೂ ಸಿಗಬಾರದು. ಆದರೆ ಪುಡಿಯಲ್ಲಿ ಏನೇನಿದೆ ಎಂದು ಅಳೆಯುವ ಯಂತ್ರದಲ್ಲಿ ನಮ್ಮ ಸರದಿ ಹನ್ನೊಂದಕ್ಕೇ ಮುಗಿದು, ಮರಳಿನ ಸೀಸೆ ನನ್ನ ಕಪಾಟಿನಲ್ಲೇ ಉಳಿಯಿತು.

ಮಳೆಗಾಲದಲ್ಲಿ ಫಲಿತಾಂಶ ಬಂತು. ನಾನು ಆಗ ಒಂದು ತರಬೇತಿಗೆಂದು ಬೀದರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಒಂದು ಕಿವಿಗೆ ಬೆರಳಿಟ್ಟುಕೊಂಡು ಗೈಡ್ ಮಾತು ಕೇಳಿದೆ. ಬುಗ್ಗೆಯ ಬಳಿಯ ಕಲ್ಲುಗಳಲ್ಲಿ ಪೊಟ್ಯಾಶಿಯಂ ಇರಲೇಬಾರದಿತ್ತು. ನಮ್ಮ ಹನ್ನೊಂದರಲ್ಲಿ ಒಂಬತ್ತರಲ್ಲಿ ಧಾರಾಳವಾಗಿತ್ತು. ನಾಲ್ಕನೆಯದು ಮತ್ತು ಹನ್ನೊಂದನೆಯದು ಮಾತ್ರ ಬರಿದಾಗಿದ್ದವು. "ಬುಗ್ಗೆ ಆರಿದ ಮೇಲೆ ತಣ್ಣೀರು ಬಹಳ ಕಾಲ ಬಂಡೆಯೊಳಗೆ ಓಡಾಡಿದೆ ಅಂತಾಯ್ತು! ಇದನ್ನ ಯಾರೂ ಹೇಳಿರಲಿಲ್ಲ," ಎಂದು ಅವರು ಹುಡುಗರ ಹಾಗೆ ಖುಷಿಪಟ್ಟರು. ಆ ಎರಡು ಒಳಗಿನ ಗಟ್ಟಿ ಭಾಗದ್ದಿರಬೇಕು, ನೀರು ತಲುಪಿಲ್ಲ ಎಂದು ಅವರೇ ಕಾರಣವನ್ನೂ ಹುಡುಕಿಕೊಂಡರು. ನಾನು ಪೇಢೆ ತೆಗೆದುಕೊಂಡು ಭಾಲ್ಕಿ ಬಸ್ಸು ಹತ್ತಿದೆ. ನನ್ನ ಬದುಕಿನಲ್ಲಿ ಹೆದರಿಕೆಯಿಲ್ಲದ ಪ್ರಯಾಣ ಅದೊಂದೇ ಇರಬೇಕು.

ದೀಪಾವಳಿಗೆ ಕುಶನೂರಿಗೆ ಹೋದೆವು. ಹಬ್ಬದ ಮುಂಚಿನ ದಿನ ಬೆಳಿಗ್ಗೆ ಅತ್ತೆ ಹಿತ್ತಲಲ್ಲಿ ಹಿತ್ತಾಳೆಯ ಭಾಂಡೆ ಗುಡ್ಡೆ ಹಾಕಿಕೊಂಡು, ಮೊದಲು ಹುಣಸೆಹಣ್ಣು, ಮೇಲೆ ತೊಗರಿ ಕಟ್ಟಿಗೆಯ ಬೂದಿ ಹಚ್ಚಿ ತಿಕ್ಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ತೊಳೆದು ಕೊಡುತ್ತಿದ್ದೆ. ತಂಬಿಗೆಯೊಂದನ್ನು ಬಿಸಿಲಿಗೆ ಹಿಡಿದು, "ನೋಡ ಹ್ಯಾಂಗ ಫಳಫಳ ಅಂತದ. ನಿನ್ನ ಕಲ್ಲಿನ ಬಟ್ಟಲನೂ ಹಿಂಗೇ ಮಾಡಿದ್ದೆ ಯವ್ವಾ," ಅಂದರು.

"ಯಾವ ಬಟ್ಟಲ್ರಿ ಅತ್ತಿ?"

"ಅದೇ, ಬ್ಯಾಸಗ್ಯಾಗ ತಂದಿದ್ದೆಲಾ. ನೀ ಪಾಪ ಮಧ್ಯಾನತನಾ ಅರದು ಅರದು ಸುಸ್ತಾಗಿ ಮಲಗತಿದ್ದಿ. ಅದರಾಗ ಕರಿ ಕಲಿ ಉಳೀತಿತ್ತು. ನೀರ ಹಚ್ಚಬ್ಯಾಡ ಅಂದಿದ್ದಿ, ಒಂದ ಹನಿ ಹಚ್ಚಿಲ್ಲ ನೋಡು. ಒಣಾ ಬೂದಿಲೆ ತಿಕ್ಕಿ, ಸೆರಗಿಲೆ ಒರಸಿ, ಮತ್ತ ಹ್ಯಾಂಗಿತ್ತೋ ಹಂಗೇ ಬ್ವಾರಲ ಹಾಕತಿದ್ದೆ."

ನನ್ನ ಕೈಯಲ್ಲಿದ್ದ ಇನ್ನೊಂದು ತಂಬಿಗೆ ಬಿದ್ದು ಉರುಳಿಕೊಂಡು ಹೋಯಿತು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಶಿಯಂ ಇರುತ್ತದೆ, ಹಿಂದಿನವರು ಅದನ್ನು ಬೂದಿಯಿಂದಲೇ ತೆಗೆಯುತ್ತಿದ್ದರು ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು ಹೇಳುವವಳು ನಾನು. ಹಳೆಯ ಬಟ್ಟಲಿನ ಸಣ್ಣ ಸಣ್ಣ ಗೀರುಗಳಲ್ಲಿ ಕೂತ ಬೂದಿ, ಮರುದಿನದ ಕಡಲ ಕಲ್ಲಿನ ಬೂದು ಪುಡಿಯಲ್ಲಿ ಕಲೆತರೆ ಯಾರ ಕಣ್ಣಿಗೆ ಕಂಡೀತು? ನಮ್ಮ ಹೊಲದ ಎರೆಮಣ್ಣಿನಿಂದ ತೊಗರಿ ಎಳೆದುಕೊಂಡ ಪೊಟ್ಯಾಶಿಯಮ್ಮನ್ನು ಸಮುದ್ರ ಕೊಟ್ಟದ್ದು ಎಂದು ನಾವು ಬರೆದಿದ್ದೆವು.

"ಯಾಕ ಯವ್ವಾ, ಮಾರಿ ಸಣ್ಣ ಮಾಡ್ಕೊಂಡಿ?" ಅತ್ತೆ ಕೇಳಿದರು.

"ಏನಿಲ್ರಿ, ತಲಿ ಸುತ್ತಿದಂಗಾಯ್ತು," ಅಂದೆ.

ಹಬ್ಬ ಹೇಗೆ ಕಳೆಯಿತೋ ಗೊತ್ತಿಲ್ಲ. ಗೈಡ್ ಲೇಖನ ಬರೆದು ಮುಗಿಸಿದ್ದರು, ಮುಂದಿನ ಸೋಮವಾರ ಪತ್ರಿಕೆಗೆ ಕಳಿಸುವವರಿದ್ದರು. ನನ್ನ ಹೆಸರು ಮೊದಲು, ಅವರದು ಆಮೇಲೆ. ಹೇಳಿದರೆ ಐದು ವರ್ಷದ ಕೆಲಸ ಮಣ್ಣುಪಾಲು, ಆ ಮನುಷ್ಯನ ಕೊನೆಯ ಸಂತೋಷವೂ ಹೋಯಿತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದೇ ಇಲ್ಲ. ಸಮುದ್ರದ ತಳಕ್ಕೆ ಇಳಿದು ಯಾರು ನೋಡುತ್ತಾರೆ? ಈ ಎರಡನೆಯ ಯೋಚನೆ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು, ಯಾಕೆಂದರೆ ಅದು ಬಹಳ ಹಿತವಾಗಿತ್ತು.

ಭಾಲ್ಕಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ ಮಕ್ಕಳೆಲ್ಲ ಹೋದ ಬಳಿಕ ಕಾಲೇಜಿನ ಲ್ಯಾಬಿನಲ್ಲಿ ಒಬ್ಬಳೇ ಉಳಿದೆ. ಕಪಾಟಿನಿಂದ ತಂದಿದ್ದ ಬಿಳಿ ಮರಳಿನ ಸೀಸೆ ತೆರೆದೆ. ತಂತಿಯ ತುದಿಯನ್ನು ಆಮ್ಲದಲ್ಲಿ ಅದ್ದಿ, ಪುಡಿಗೆ ಮುಟ್ಟಿಸಿ, ಬರ್ನರಿನ ಜ್ವಾಲೆಗೆ ಹಿಡಿದೆ. ಪಿಯು ಮಕ್ಕಳು ಮಾಡುವ ಪ್ರಯೋಗ. ಬರಿ ಮರಳಾಗಿದ್ದರೆ ಜ್ವಾಲೆಗೆ ಬಣ್ಣ ಬರುವುದಿಲ್ಲ. ಬಂತು, ಹಳದಿ. ಹಳದಿ ಸೋಡಿಯಮ್ಮಿನದು, ಬೆವರು ಕೈಯಿಂದಲೂ ಬರುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಆ ಹಳದಿಯನ್ನು ಮರೆಮಾಡಲು ನೀಲಿ ಗಾಜೊಂದಿರುತ್ತದೆ. ಅದನ್ನು ಕಣ್ಣಿಗೆ ಹಿಡಿಯಲು ಧೈರ್ಯವಾಗದೆ ಎರಡು ಸಲ ಒರೆಸಿದೆ. ಹಿಡಿದಾಗ ಕೆಂಪು ಬೆರೆತ ನೇರಳೆ ಬಣ್ಣ ಸ್ಪಷ್ಟವಾಗಿ ಕಂಡಿತು, ಪೊಟ್ಯಾಶಿಯಮ್ಮಿನದು. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ತಂತಿಯನ್ನು ಕಾಯಿಸಿ ಚೊಕ್ಕ ಮಾಡಿ, ಅರೆಯದೆ ಉಳಿದಿದ್ದ ಅದೇ ಮರಳನ್ನೂ ಹಿಡಿದು ನೋಡಿದೆ. ನೇರಳೆ ಇಲ್ಲ. ಬರ್ನರ್ ಆರಿಸಿ ಸ್ಟೂಲಿನ ಮೇಲೆ ಕೂತೆ.

ಭಾನುವಾರ ಕುಶನೂರಿಗೆ ಹೋದೆ. ಒಬ್ಬಳೇ ಇದ್ದು ಫೋನು ಮಾಡುವ ಎದೆಗಾರಿಕೆ ನನ್ನಲ್ಲಿರಲಿಲ್ಲ. ಅತ್ತೆಗೆ ಮಾತ್ರ ಏನೂ ತಿಳಿಯಕೂಡದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೇ ಬಂದಿದ್ದೆ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ, ಅದೂ ಫೋನನ್ನು ಕಟ್ಟೆಯ ಮೇಲಿಟ್ಟು ಸ್ಪೀಕರ್ ಹಾಕಿದರೆ. ಅತ್ತೆ ಅಲ್ಲೇ ಆಚೆ ಬದಿಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಅವರಿಗೆ ಏನು ತಿಳಿಯುತ್ತದೆ ಬಿಡು ಅಂದುಕೊಂಡೆ. ಇಷ್ಟು ಓದಿದವಳ ಪೆದ್ದುತನ ನೋಡಿ.

"ಸರ್, ಬಟ್ಟಲಿಗೆ ಬೂದಿ ಹತ್ತಿತ್ತು. ನಾನೇ ತಿಕ್ಕಿದ್ದೆ," ಎಂದು ಒಂದೇ ಉಸಿರಿಗೆ ಹೇಳಿದೆ. ಮರಳಿನ ಪರೀಕ್ಷೆಯನ್ನೂ ಹೇಳಿದೆ.

"ಯಾವ ಬೂದಿ?" ಎಂದು ಗೈಡ್ ಕೇಳಿದರು.

"ತೊಗರಿ ಕಟ್ಟಿಗೆದು ಸರ್."

"ಅರೆಯೋಕೆ ಮುಂಚೆನಾ, ಆಮೇಲಾ?"

"ಮುಂಚೆ... ಅಲ್ಲ ಸರ್, ಆಮೇಲೆ."

"ದಿನಾನಾ?"

"ಹೌದು ಸರ್, ದಿನಾ."

"ದಿನಾ ತಿಕ್ಕಿದ್ರೆ ನಾಲ್ಕು ಮತ್ತೆ ಹನ್ನೊಂದು ಯಾಕೆ ಬರಿದಾಗಿವೆ?"

"ಗೊತ್ತಿಲ್ಲ ಸರ್."

"ನೀವೇ ಮಾಡಿದ್ದು ನಿಮಗೇ ಗೊತ್ತಿಲ್ವಾ?" ಅವರ ದನಿ ಗಟ್ಟಿಯಾಯಿತು. "ಯೋಚನೆ ಮಾಡಿ ಮಾತಾಡಿ. ಯಾವ ಕಲ್ಲು ಕೆಟ್ಟಿದೆ, ಯಾವುದು ಉಳಿದಿದೆ ಅಂತ ಈಗ ನಿಮ್ಮ ಮಾತಿನ ಮೇಲೇ ನಿಂತಿದೆ."

ಮೊರದ ಸದ್ದು ನಿಂತಿತ್ತು. ತಿರುಗಿ ನೋಡಿದರೆ ಅತ್ತೆ ಹತ್ತಿರ ಬಂದು ನಿಂತಿದ್ದರು. "ಸರಿ ಅತ್ಲಾಗ," ಎಂದು ನನ್ನನ್ನು ಪಕ್ಕಕ್ಕೆ ದೂಡಿ, ಕಟ್ಟೆಯ ಮೇಲಿನ ಫೋನಿಗೆ ಬಾಗಿ ಬಾಯಿ ಹತ್ತಿರ ತಂದರು.

"ಶರಣ್ರಿ ಸರ. ನಾ ಇಕಿ ಅತ್ತಿ ಮಾತಾಡ್ತೇನಿ. ಇಕಿ ಸುಳ್ಳ ಹೇಳ್ಲತ್ತಾಳ್ರಿ. ಬಟ್ಟಲ ತಿಕ್ಕಿದಾಕಿ ನಾ. ಇಕಿಗಿ ಗೊತ್ತೂ ಇರ್ಲಿಲ್ರಿ."

ಗೈಡ್ ನನ್ನೊಡನೆ ಮಾತಾಡಿದ್ದಕ್ಕಿಂತ ಮೆತ್ತಗೆ ಕೇಳಿದರು, "ಯಾವಾಗ ತಿಕ್ತಿದ್ರಿ ಅಮ್ಮ?"

"ಸಂಜಿಕಿರಿ. ಅಕಿ ತೊಳದು ಇಟ್ಟ ಮ್ಯಾಲ."

"ದಿನಾನಾ?"

"ದಿನಾ ಅಂದ್ರ... ಸೋಮವಾರ ಇಲ್ರಿ. ಸೋಮವಾರ ನಮ್ಮ ಮನ್ಯಾಗ ಒಲಿ ಬೂದಿ ಮುಟ್ಟೂದಿಲ್ರಿ. ನಮ್ಮ ಅತ್ತಿ ಕಾಲದಿಂದ ಬಂದ ಪದ್ಧತಿ ಅದು. ಅವತ್ತಿನ ಭಾಂಡಿನೂ ಬರೀ ನೀರಿಲೆ ತೊಳೀತೀವ್ರಿ."

ನಾನು ಜೊತೆಗೆ ತಂದಿದ್ದ ನೋಟ್‌ಬುಕ್ಕು ತೆರೆದೆ. ನಾಲ್ಕನೆಯ ಕಲ್ಲು ಅರೆದದ್ದು ಮಂಗಳವಾರ. ಹನ್ನೊಂದನೆಯದೂ ಮಂಗಳವಾರ. ಎರಡೂ ಸಲ ಹಿಂದಿನ ಸಂಜೆ ಸೋಮವಾರ. ಗಟ್ಟಿಯಾಗಿ ಓದಿ ಹೇಳಿದೆ. ಆ ಕಡೆಯಿಂದ ಗೈಡ್ ಉಸಿರು ಬಿಟ್ಟದ್ದು ಕೇಳಿಸಿತು. "ಹಾಗಾದರೆ ನಿಜ ಹೇಳಿದ್ದು ಆ ಎರಡೇ," ಅಂದರು.

ಅತ್ತೆಗೆ ಆ ಮಾತು ಬೇಕಿರಲಿಲ್ಲ. "ಸರ, ಇಕಿ ನೌಕರಿ ಹೋಗ್ತದೇನ್ರಿ?" ಎಂದು ಕೇಳಿದರು. "ಬೈಯೂದಿದ್ರ ನನಗ ಬೈರಿ. ಅಕೀಗಿ ಏನೂ ಮಾಡಬ್ಯಾಡ್ರಿ."

"ಯಾರ ನೌಕರಿಯೂ ಹೋಗಲ್ಲ ಅಮ್ಮ. ನೀವು ಹೇಳಿದ್ದು ಒಳ್ಳೇದಾಯ್ತು," ಎಂದರು ಗೈಡ್. ಅತ್ತೆ ಅದನ್ನು ನಂಬಿದಂತೆ ಕಾಣಲಿಲ್ಲ. ನನಗೆ ಜಾಗ ಬಿಟ್ಟು ಮೆಟ್ಟಿಲಿಳಿದು ಹೋದರು. ಜೋಳ ಮಾಳಿಗೆಯ ಮೇಲೆಯೇ ಉಳಿಯಿತು.

ಲೇಖನ ನಿಂತುಹೋಯಿತು. ಒಂಬತ್ತು ಕಲ್ಲುಗಳು ಬೇರೆ ಕೆಲವು ಧಾತುಗಳ ಲೆಕ್ಕಕ್ಕೆ ನಡೆದಾವು, ಪೊಟ್ಯಾಶಿಯಮ್ಮಿಗಂತೂ ಅಲ್ಲ. ಬುಗ್ಗೆಯ ನೀರು ಸುಡುವಷ್ಟು ಕಾದಿತ್ತು, ಬಂಡೆಯಿಂದ ಎಲ್ಲವನ್ನೂ ದೋಚಿತ್ತು ಎಂದು ಉಳಿದೆರಡು ಹೇಳುತ್ತವೆ. ಎಲ್ಲರಿಗೂ ಮೊದಲೇ ಗೊತ್ತಿದ್ದ ಮಾತದು. ಎರಡು ಚೂರಿನ ಮೇಲೆ ಪ್ರಬಂಧ ನಿಲ್ಲುವುದಿಲ್ಲ. ನಾನು ಇನ್ನೊಂದು ಹಡಗಿಗಾಗಿ ಕಾಯುತ್ತಿದ್ದೇನೆ. ಮಾದರಿ ಸಿದ್ಧ ಮಾಡಿದ ಬಗೆಯನ್ನು ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆದಿಡಿ ಎಂದರು ಗೈಡ್: ಯಾವ ಕಟ್ಟಿಗೆ, ಯಾವ ವಾರ, ಯಾರ ಕೈ. ಬರೆದೆ. ಅವರು ನಿವೃತ್ತಿಯ ದಿನ ಫೋನಿನಲ್ಲಿ ನಗುನಗುತ್ತಲೇ ಮಾತಾಡಿದರು. ಆ ನಗು ಕೇಳಿ ನನಗೆ ಇನ್ನಷ್ಟು ಸಂಕಟವಾಯಿತು.

ಆದರೆ ನಾನು ಅತ್ತದ್ದು ಅದಕ್ಕಲ್ಲ. ಸಂಕ್ರಾಂತಿಯ ಸುಮಾರಿಗೆ ಕುಶನೂರಿಗೆ ಹೋಗಿದ್ದೆ. ಮಧ್ಯಾಹ್ನ ಊಟ ಮುಗಿಸಿ ಹಿತ್ತಲಿಗೆ ಹೋದರೆ ಅತ್ತೆ ನನ್ನ ತಾಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಬಾಗಿಲಲ್ಲಿ ನನ್ನನ್ನು ಕಂಡವರೇ, "ಇದನ್ನ ತೊಳೀಲೇನು ಯವ್ವಾ?" ಅಂದರು.

ಈ ಮನೆಯಲ್ಲಿ ಯಾವ ವಸ್ತುವನ್ನು ಮುಟ್ಟುವುದಕ್ಕೂ ಯಾರನ್ನೂ ಕೇಳಿದವರಲ್ಲ ಅವರು. ನನ್ನ ಜೀವನಪೂರ್ತಿಯ ಹೆದರಿಕೆಯನ್ನು ಈ ಗಟ್ಟಿ ಹೆಂಗಸಿಗೂ ಅಂಟಿಸಿಬಿಟ್ಟೆನಲ್ಲ ಎಂದು ಕಣ್ಣು ತುಂಬಿ ಬಂತು.

"ತೊಳೀರಿ ಅತ್ತಿ. ಬರೀ ಊಟದ ತಾಟರಿ ಅದು," ಅಂದೆ.

ಅವರು ತಲೆಯಾಡಿಸಿ ಕೂತರು. ಬೂದಿಯ ಕಡೆಗೆ ಕೈ ಚಾಚಿದರು, ಅಲ್ಲೇ ತಡೆದರು, ಆಮೇಲೆ ಕಿಟಕಿಯ ಮೇಲಿದ್ದ ಸೋಪಿನ ಪುಡಿ ತೆಗೆದುಕೊಂಡರು.